ನೆಹರೂ ದಾರಿಯೋ, ರಾಜಾಜಿ ದಾರಿಯೋ?

ಸರ್ಕಾರ ವ್ಯಾಪಾರಕ್ಕಿಳಿಯಬೇಕಾ? ಈ ಜಗಳ ನಮ್ಮಲ್ಲಿ ಹಳೆಯದು.

1955ರಲ್ಲಿ ಮದ್ರಾಸ್ ಬಳಿಯ ಆವಡಿಯಲ್ಲಿ ನಡೆದ ಅಧಿವೇಶನದಲ್ಲಿ ನೆಹರೂ ಅವರ ಕಾಂಗ್ರೆಸ್ ಸಮಾಜವಾದಿ ಮಾದರಿಯನ್ನು ಒಪ್ಪಿತು. ಉಕ್ಕು, ಯಂತ್ರಗಳ ದೊಡ್ಡ ಕಾರ್ಖಾನೆಗಳನ್ನು ಸರ್ಕಾರವೇ ಕಟ್ಟಿತು. ಬೆಂಗಳೂರಿನ ಎಚ್‌ಎಂಟಿ ವಾಚು ಕೈಗೆ ಬಂದಿದ್ದೂ ಹಾಗೇ. ಆದರೆ ಖಾಸಗಿಯವರು ಕಾರ್ಖಾನೆ ದೊಡ್ಡದು ಮಾಡಬೇಕೆಂದರೆ ದಿಲ್ಲಿಯ ಲೈಸೆನ್ಸ್ ಬೇಕಿತ್ತು. ಸ್ಕೂಟರ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು.

1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿ (ಸಿ. ರಾಜಗೋಪಾಲಾಚಾರಿ) ಇದನ್ನೇ ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂದು ಹಂಗಿಸಿದರು. ರೈತನ ಜಮೀನು ರೈತನದೇ, ಉದ್ಯಮಕ್ಕೆ ಅಡ್ಡಗಾಲು ಬೇಡ ಅನ್ನುವುದು ಅವರ ವಾದ. ಸರ್ಕಾರ ಜನರ ಬದುಕಲ್ಲಿ ಆದಷ್ಟೂ ಕೈಹಾಕಬಾರದು ಅನ್ನುವ ಅಪ್ಪಟ ಲಿಬರ್ಟೇರಿಯನ್ ಅಲ್ಲ ಬಿಡಿ. ಪಾನನಿಷೇಧಕ್ಕೆ ಅವರೇ ಮುಂದು!

ಸ್ಕೂಟರ್, ವಾಚಿನ ವಿಷಯದಲ್ಲಿ ರಾಜಾಜಿಯೇ ಸರಿ. 1991ರಲ್ಲಿ ಕಾಂಗ್ರೆಸ್ ಸರ್ಕಾರವೇ ಹೆಚ್ಚಿನ ಲೈಸೆನ್ಸುಗಳನ್ನು ಕಿತ್ತುಹಾಕಿತು, ಅಲ್ವಾ? ಶಾಲೆ, ಆಸ್ಪತ್ರೆ ಅಂತ ಬಂದರೆ ಮಾತ್ರ ನನ್ನ ಓಟು ನೆಹರೂಗೆ.