ಟಿಇಜಿ ಮಷೀನ್ ತಗೋಬೇಕಾ ಅಂತ ಕೇಳೋರಿಗೆ, ಕೋಲಾರದ ಲ್ಯಾಬ್‌ನಿಂದ

ಕೋಲಾರದ ಹತ್ರ ಹೈವೇ ಪಕ್ಕದ ಆಸ್ಪತ್ರೆ ಲ್ಯಾಬಲ್ಲಿ ಕೆಲ್ಸ ನಂದು, ಆಕ್ಸಿಡೆಂಟ್ ಕೇಸುಗಳೇ ಜಾಸ್ತಿ. ಟಿಇಜಿ, ಅಂದ್ರೆ ರಕ್ತ ಹೆಂಗೆ ಹೆಪ್ಪುಗಟ್ಟತ್ತೆ ಅಂತ ಗ್ರಾಫಲ್ಲಿ ತೋರ್ಸೋ ಮಷೀನ್, ಹೆಂಗಿದೆ ಅಂತ ಮುಳಬಾಗಿಲು, ಚಿಂತಾಮಣಿ ಕಡೆ ಲ್ಯಾಬಿನವ್ರು ಕೇಳ್ತಾನೇ ಇರ್ತಾರೆ. ಟ್ರಾಮಾ ಕೇಸ್ ಬರೋ ಕಡೆ ಆದ್ರೆ ಕಣ್ಮುಚ್ಕೊಂಡು ತಗೊಳ್ಳಿ.

ಯಾಕಂದ್ರೆ ಹೆಪ್ಪುಗಟ್ಟೋದನ್ನ ನೋಡೋ ಮಾಮೂಲಿ ಟೆಸ್ಟ್ ಪಿಟಿ-ಐಎನ್ಆರ್ ಮಾಡೋಕೆ ರಕ್ತನ ಸೆಂಟ್ರಿಫ್ಯೂಜಲ್ಲಿ ತಿರುಗ್ಸಿ ಪ್ಲಾಸ್ಮಾ ಬೇರೆ ಮಾಡ್ಬೇಕು, ಆಮೇಲೂ ಹೆಪ್ಪು ಶುರುವಾಗೋಕೆ ಎಷ್ಟೊತ್ತು ಅಂತಷ್ಟೇ ಗೊತ್ತಾಗೋದು, ಆ ಹೆಪ್ಪು ಗಟ್ಟಿ ಇದೆಯಾ, ಕರಗೋಗ್ತಿದೆಯಾ ಅನ್ನೋದು ಅದಕ್ಕೆ ತಿಳಿಯಲ್ಲ. ಟಿಇಜಿಗೆ ಪೂರ್ತಿ ರಕ್ತಾನೇ ಹಾಕ್ತೀವಿ. ಗ್ರಾಫಲ್ಲಿ ಆರ್ (ಹೆಪ್ಪು ಶುರುವಾಗೋಕೆ ಹಿಡಿಯೋ ಹೊತ್ತು) ಉದ್ದ ಬಂದ್ರೆ ಪ್ಲಾಸ್ಮಾ ಕೊಡ್ಬೇಕು, ಎಂಎ (ಹೆಪ್ಪಿನ ಗಟ್ಟಿತನ) ಕಮ್ಮಿ ಬಂದ್ರೆ ಪ್ಲೇಟ್ಲೆಟ್ಟೋ, ಹೆಪ್ಪಿನ ಎಳೆ ಕಟ್ಟೋ ಪ್ರೋಟೀನ್ ಫೈಬ್ರಿನೋಜನ್ನೋ ಕೊಡ್ಬೇಕು, ಎಲ್‌ವೈ30 (ಹೆಪ್ಪು ಪೂರ್ತಿ ಗಟ್ಟಿಯಾಗಿ 30 ನಿಮಿಷಕ್ಕೆ ಎಷ್ಟು ಕರಗಿದೆ ಅನ್ನೋದು) ಏರಿದ್ರೆ ಹೆಪ್ಪು ಬೇಗ ಕರಗ್ತಿದೆ ಅಂತ. ಆದ್ರೆ ಹೆಪ್ಪು ಕರಗದಂಗೆ ತಡೆಯೋ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್‌ಗೆ ಗ್ರಾಫ್ ಬರ್ಲಿ ಅಂತ ಕಾಯ್ಬೇಡಿ, 20 ಸಾವಿರಕ್ಕೂ ಜಾಸ್ತಿ ಪೇಶೆಂಟ್ ಇದ್ದ 2010ರ ಕ್ರಾಶ್-2 ಟ್ರಯಲಲ್ಲಿ ಗಾಯ ಆಗಿ 3 ಗಂಟೆ ಒಳಗೆ ಕೊಟ್ರೆ ಮಾತ್ರ ಲಾಭ ಕಂಡಿದ್ದು.

ಈಗ ಅಸಲಿ ತಕರಾರು. ಸಾಮಾನ್ಯವಾಗಿ ಇದು ರಕ್ತನ 37 ಡಿಗ್ರಿಗೆ ಬಿಸಿ ಮಾಡಿ ಅಳೆಯೋದು, ಆದ್ರೆ ಮೈ ತಣ್ಣಗಾದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ. ಡಿಸೆಂಬರ್ ರಾತ್ರಿ ರೋಡಲ್ಲಿ ಬಿದ್ದು, ಮೇಲೆ ತಣ್ಣನೆ ಸಲೈನ್ ಹಾಕಿಸ್ಕೊಂಡು 33 ಡಿಗ್ರಿಗೆ ಇಳ್ದಿರೋ ಪೇಶೆಂಟ್‌ದು ಗ್ರಾಫ್ ಚೆನ್ನಾಗೇ ಕಾಣತ್ತೆ, ಅತ್ಲಾಗೆ ರಕ್ತ ಮಾತ್ರ ನಿಲ್ತಿರಲ್ಲ. ಹೆಪ್ಪುಗಟ್ಟೋಕೆ ಬೇಕಾದ ಕ್ಯಾಲ್ಸಿಯಂ ಕಥೆನೂ ಅಷ್ಟೇ, ಹೆಪ್ಪುಗಟ್ಟದಂಗೆ ಸಿಟ್ರೇಟ್ ಹಾಕಿರೋ ಟ್ಯೂಬಿನ ರಕ್ತಕ್ಕೆ ನಾವೇ ಕ್ಯಾಲ್ಸಿಯಂ ಸೇರಿಸ್ತೀವಲ್ಲ, ಬ್ಯಾಗ್ ಮೇಲೆ ಬ್ಯಾಗ್ ರಕ್ತ ಕೊಟ್ಟು ಪೇಶೆಂಟ್ ಮೈಯಲ್ಲಿ ಕ್ಯಾಲ್ಸಿಯಂ ಕಮ್ಮಿ ಆಗಿರೋದು ಇದ್ರಲ್ಲಿ ಕಾಣಲ್ಲ. ಅದಕ್ಕೆ ಫಾರಂ ಮೇಲೆ ಟೆಂಪರೇಚರ್ ಬರ್ಸಿ, ಎಬಿಜಿಲಿ (ರಕ್ತದ ಗ್ಯಾಸ್ ಟೆಸ್ಟ್) ಐಯೊನೈಸ್ಡ್ ಕ್ಯಾಲ್ಸಿಯಂ, ಅಂದ್ರೆ ರಕ್ತದಲ್ಲಿ ಬಿಡಿಯಾಗಿರೋ ಕ್ಯಾಲ್ಸಿಯಂ ನೋಡಿ.

ಮುಂದೇನಾಗತ್ತೆ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ಆಸೆಗೆ ಎಕ್ಸ್ಟ್ರಾ ದುಡ್ಡು ಹಾಕ್ಬೇಡಿ. ಗಣಿತದ ಮಾಡೆಲ್ ಚೆನ್ನಾಗೇ ಇವೆ, 2002ರಲ್ಲಿ ಹಾಕಿನ್, ಮ್ಯಾನ್ ತಂಡದವ್ರು 34 ಡಿಫರೆನ್ಷಿಯಲ್ ಈಕ್ವೇಷನ್ ಇಟ್ಟು ಹೆಪ್ಪುಗಟ್ಟಿಸೋ ಥ್ರಾಂಬಿನ್ ಹೆಂಗೆ ಏರತ್ತೆ ಅಂತ ತೋರ್ಸಿದ್ರು, ಅದ್ರಲ್ಲಿ ರಿಯಾಕ್ಷನ್ ವೇಗ ಬದಲಾಯ್ಸಿ ತಣ್ಣಗಿರೋ ರಕ್ತನೂ ಲೆಕ್ಕ ಹಾಕ್ಬೋದು, ಅಂದ್ರೆ ಮಷೀನ್ ತೋರ್ಸ್ದೇ ಇರೋದನ್ನ ಅದು ತೋರ್ಸ್ಬೋದು. ಆದ್ರೆ ಹೆಪ್ಪುಗಟ್ಟಿಸೋ ಒಂದೊಂದು ಪ್ರೋಟೀನ್ (ಫ್ಯಾಕ್ಟರ್) ಎಷ್ಟಿದೆ ಅಂತ ಅಳೆದು ಕೊಡ್ಬೇಕು, ರಾತ್ರಿ ಎರಡು ಗಂಟೆಗೆ ನಮ್ಮಂಥ ಲ್ಯಾಬಲ್ಲಿ ಫ್ಯಾಕ್ಟರ್ ಅಸ್ಸೇ ಯಾರು ಮಾಡ್ತಾರೆ ಸ್ವಾಮಿ? ಅದೂ ಅಲ್ದೆ ಮೈಯಲ್ಲಿ ರಕ್ತ ಹರೀತಿರತ್ತೆ ಅನ್ನೋದು ಆ ಲೆಕ್ಕದಲ್ಲೇ ಇಲ್ಲ.

ನಿಮ್ದು ಕಪ್-ಪಿನ್ ಇರೋ (ರಕ್ತದ ಕಪ್ಪೊಳಗೆ ಪಿನ್ ಇಟ್ಟು ಅಳೆಯೋ) ಟಿಇಜಿ ಮಷೀನ್ ಆದ್ರೆ ಸೆಂಟ್ರಿಫ್ಯೂಜ್ ಇರೋ ಟೇಬಲ್ ಮೇಲೆ ಮಾತ್ರ ಇಡ್ಬೇಡಿ, ಅಲುಗಾಡಿದ್ರೆ ಗ್ರಾಫ್ ಕೆಡತ್ತೆ. ಯುಪಿಎಸ್ ಬೇಕೇ ಬೇಕು. ಕ್ಲಿನಿಕ್ ಪಕ್ಕದ ಸಣ್ಣ ಲ್ಯಾಬಿನವ್ರಿಗೆ ಇದು ದಂಡ, ರೀಏಜೆಂಟ್ ಎಕ್ಸ್‌ಪೈರಿ ಆಗೋದೇ ಆಗತ್ತೆ.