ಕಂಬಳಿ ಹೊದ್ದ ಐಸ್: ಮಕ್ಕಳಿಗೆ ಚಳಿಯ ವಿಜ್ಞಾನ ಕಲಿಸಲು ಮಾಡಿ ನೋಡಿದ ದಾರಿಗಳು

"ಮಿಸ್, ಮುಳ್ಳಯ್ಯನಗಿರಿಯ ಮಂಜನ್ನು ಬಾಟಲಿಯಲ್ಲಿ ಹಿಡಿದು ತಂದರೆ ಐಸ್ ಆಗುತ್ತದೆಯೇ?"

ಆರನೇ ತರಗತಿಯ ಹುಡುಗಿಯೊಬ್ಬಳು ಮೂರು ವರ್ಷದ ಹಿಂದೆ ಕೇಳಿದ ಪ್ರಶ್ನೆ ಇದು. ತಪ್ಪು ಅವಳದಲ್ಲ. ನಮ್ಮ ಮಾತಿನಲ್ಲಿ ಬೆಟ್ಟವನ್ನು ಮುಚ್ಚುವುದು ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು, ಫ್ರಿಜ್ಜಿನಲ್ಲಿ ಗಟ್ಟಿಯಾಗುವುದು ಮಂಜುಗಡ್ಡೆ. ಬೆಳಿಗ್ಗೆ ಹುಲ್ಲಿನ ಮೇಲೆ ಕೂರುವುದಕ್ಕೆ ಇಬ್ಬನಿ ಎಂಬ ಚೆಂದದ ಪದವಿದ್ದರೂ ಎಷ್ಟೋ ಮನೆಗಳಲ್ಲಿ ಅದೂ ಮಂಜೇ. ಗಾಳಿಯಲ್ಲಿ ತೇಲುವ ನೀರಿನ ಹನಿಗೂ, ಆಕಾಶದಿಂದ ಉದುರುವ ಹರಳಿಗೂ ಒಂದೇ ಹೆಸರಿದ್ದರೆ ಮಗು ಎರಡನ್ನೂ ಒಂದೆಂದು ತಿಳಿಯುವುದು ಸಹಜ.

ನಾನು ಕಲಿಸುವುದು ಚಿಕ್ಕಮಗಳೂರಿನ ಕಾಫಿ ಸೀಮೆಯ ಒಂದು ಸರ್ಕಾರಿ ಶಾಲೆಯಲ್ಲಿ. ಮಕ್ಕಳಲ್ಲಿ ಹೆಚ್ಚಿನವರು ತೋಟದ ಲೈನ್ ಮನೆಗಳಿಂದ ಬರುವವರು. ಚಳಿಯನ್ನು ಅವರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಆದರೆ ಚಳಿ ಎಂದರೆ ಏನು ಎಂದು ಕೇಳಿದರೆ, ಬಾಗಿಲ ಸಂದಿಯಿಂದ ಒಳಗೆ ನುಗ್ಗುವ ಒಂದು ವಸ್ತು ಎಂಬಂತೆ ಉತ್ತರ ಬರುತ್ತದೆ. ಈ ಎರಡು ಗಂಟುಗಳನ್ನು ಬಿಡಿಸಲು ಮೂರು ಮಾಗಿಕಾಲ ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದೆ.

ಮೊದಲು ಹಿಡಿದದ್ದು ಎಲ್ಲಕ್ಕಿಂತ ಸುಲಭವಾದ ದಾರಿ, ವಿಡಿಯೊ. ಶಾಲೆಯ ಟಿವಿಯಲ್ಲಿ ಹಿಮಪಾತ, ಹಿಮನದಿ, ಪೆಂಗ್ವಿನ್ ಎಲ್ಲವನ್ನೂ ತೋರಿಸಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ವಾರದ ನಂತರ ಕೇಳಿದಾಗ ಪೆಂಗ್ವಿನ್ ನೆನಪಿತ್ತು, ನೀರು ಗಟ್ಟಿಯಾಗುವಾಗ ಏನಾಗುತ್ತದೆ ಎಂಬುದು ನೆನಪಿರಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು: ಐಸ್ ಮತ್ತು ಹಿಮದ ವಿಜ್ಞಾನ ಎಲ್ಲೋ ದೂರದ ದೇಶದ್ದು, ನಮ್ಮ ಊರಿಗೆ ಸೇರಿದ್ದಲ್ಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಎರಡು ವಿಷಯಗಳಿಗೆ ಮಾತ್ರ ಈಗಲೂ ವಿಡಿಯೊ ಬಳಸುತ್ತೇನೆ. ಒಂದು, ಆರು ಮೂಲೆಯ ಹಿಮದ ಹರಳು ಬೆಳೆಯುವುದು. ಇನ್ನೊಂದು, ಮೇಲ್ಭಾಗ ಹೆಪ್ಪುಗಟ್ಟಿದ ಕೆರೆಯ ಅಡಿಯಲ್ಲಿ ಮೀನು ಈಜುವುದು. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗಿ ಕೆಳಗಿಳಿಯುತ್ತದೆ, ಅದಕ್ಕಿಂತ ತಣ್ಣಗಾದದ್ದು ಮೇಲೆ ಉಳಿದು ಗಡ್ಡೆಯಾಗುತ್ತದೆ ಎಂಬುದನ್ನು ನಮ್ಮ ಬಕೆಟ್ಟಿನಲ್ಲಿ ತೋರಿಸಲು ನನಗೆ ಸಾಧ್ಯವಾಗಲಿಲ್ಲ.

ಮುಂದಿನ ವರ್ಷ ಕಂಬಳಿ ತಂದೆ. ಒಂದೇ ಅಳತೆಯ ಎರಡು ಬಟ್ಟಲುಗಳಲ್ಲಿ ಮನೆಯಲ್ಲೇ ಐಸ್ ಮಾಡಿ, ಎರಡು ಸ್ಟೀಲ್ ತಟ್ಟೆಗಳಲ್ಲಿ ಇಟ್ಟೆ. ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದಕ್ಕೆ ಕರಿ ಕಂಬಳಿ ಸುತ್ತಿದೆ. ಯಾವುದು ಮೊದಲು ಕರಗುತ್ತದೆ ಎಂದು ಕೈ ಎತ್ತಿಸಿದೆ. 27 ಮಕ್ಕಳಲ್ಲಿ 24 ಮಂದಿ ಕಂಬಳಿಯದೇ ಮೊದಲು ಎಂದರು. ಕಂಬಳಿ ಬೆಚ್ಚಗೆ ತಾನೇ! ಬೆಳಗಿನ ಪ್ರಾರ್ಥನೆಯ ನಂತರ ಇಟ್ಟದ್ದು. ಬಿಸಿಯೂಟದ ಗಂಟೆ ಹೊಡೆದಾಗ ತೆರೆದ ತಟ್ಟೆಯಲ್ಲಿ ಬರೀ ನೀರು. ಕಂಬಳಿ ಬಿಚ್ಚಿದರೆ ಒಳಗೆ ಅರ್ಧ ಗಡ್ಡೆ ನುಣ್ಣಗೆ ಹೊಳೆಯುತ್ತಾ ಕುಳಿತಿತ್ತು. ಅನ್ನದ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಾದವರು ಮೇಜಿನ ಸುತ್ತಲೇ ನಿಂತುಬಿಟ್ಟರು.

ಕಂಬಳಿ ಶಾಖವನ್ನು ಕೊಡುವುದಿಲ್ಲ, ಹೋಗಬರುವ ಶಾಖವನ್ನು ತಡೆಯುತ್ತದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆ ತಡೆ. ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ತಡೆಯುವ ಅದೇ ಬಟ್ಟೆ, ಹೊರಗಿನ ಶಾಖ ಐಸಿಗೆ ತಾಗದಂತೆಯೂ ತಡೆಯುತ್ತದೆ. ಚಳಿ ಒಳಗೆ ಬರುವುದಿಲ್ಲ, ಬಿಸಿ ಹೊರಗೆ ಹೋಗುತ್ತದೆ ಎಂಬ ಮಾತನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಅಂದು ಬರೆಯಬೇಕಾಗಲಿಲ್ಲ. ಹಿಂದಿನ ಬೆಂಚಿನ ಹುಡುಗನೇ, "ಹಾಗಾದರೆ ಮಂಗಳೂರಿನಿಂದ ಬರುವ ಮೀನಿನ ಥರ್ಮೋಕೋಲ್ ಪೆಟ್ಟಿಗೆಯೂ ಕಂಬಳಿಯೇ, ಮಿಸ್" ಎಂದ.

ಮೂರನೆಯದು ಐಸ್ ಮತ್ತು ಕಲ್ಲುಪ್ಪು. ಪುಡಿ ಮಾಡಿದ ಐಸ್ ಮೂರು ಪಾಲು, ಉಪ್ಪು ಒಂದು ಪಾಲು. ಉಪ್ಪು ಸೇರಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಐಸ್ ಕರಗತೊಡಗುತ್ತದೆ. ಕರಗಲು ಪ್ರತಿ ಗ್ರಾಮಿಗೆ ಸುಮಾರು 80 ಕ್ಯಾಲರಿ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನಿಂದಲೇ ಕಿತ್ತುಕೊಳ್ಳುವುದರಿಂದ ಮಿಶ್ರಣ ಇನ್ನಷ್ಟು ತಣ್ಣಗಾಗುತ್ತದೆ. ಹದ ಸರಿಯಾಗಿದ್ದರೆ -21 ಡಿಗ್ರಿಯವರೆಗೂ ಇಳಿಯಬಲ್ಲದು. ನಮ್ಮ ಶಾಲೆಯ ಥರ್ಮಾಮೀಟರಿನ ಗೀಟುಗಳು -10ಕ್ಕೇ ಮುಗಿಯುತ್ತವೆ. ಕೆಂಪು ಗೆರೆ ಸೊನ್ನೆ ದಾಟಿ, ಕೊನೆಯ ಗೀಟನ್ನೂ ದಾಟಿ ಬುರುಡೆಯತ್ತ ಇಳಿಯುವಾಗ ತರಗತಿಯಲ್ಲಿ ಒಂದು ಉಸಿರೂ ಕೇಳಿಸಲಿಲ್ಲ.

ಆದರೆ ನನಗೆ ಅದಕ್ಕಿಂತ ಅಮೂಲ್ಯವೆನಿಸಿದ್ದು ಪಾತ್ರೆಗಳ ಹೊರಮೈ. ಬರೀ ಐಸ್ ತುಂಬಿದ ಸ್ಟೀಲ್ ಲೋಟವನ್ನೂ ಉಪ್ಪು ಬೆರೆಸಿದ ಲೋಟವನ್ನೂ ಪಕ್ಕಪಕ್ಕ ಇಟ್ಟಿದ್ದೆ. ಮೊದಲನೆಯದರ ಹೊರಗೆ ನೀರಿನ ಹನಿ ಮೂಡಿ, ಒಂದಕ್ಕೊಂದು ಕೂಡಿ, ಜಾರಿತು. ಎರಡನೆಯದರ ಹೊರಗೆ ಹನಿ ಜಾರಲಿಲ್ಲ. ಬೂಷ್ಟು ಹಿಡಿದಂತೆ ಬಿಳಿಯ ತೆಳುಪದರ ಮೂಡಿತು. ಉಗುರಿನಿಂದ ಕೆರೆದರೆ ಪುಡಿಯಾಗಿ ಬಂದು ಬೆರಳ ತುದಿಯಲ್ಲಿ ನೀರಾಯಿತು. ಎರಡೂ ಇದೇ ಕೋಣೆಯ ಗಾಳಿಯಲ್ಲಿದ್ದ ಆವಿ. ಒಂದು ಲೋಟದ ಮೇಲೆ ಇಬ್ಬನಿ, ಪಕ್ಕದ ಲೋಟದ ಮೇಲೆ ಹಿಮ. ಬಾಟಲಿಯಲ್ಲಿ ಮಂಜು ತರಬೇಕೆಂದಿದ್ದ ಹುಡುಗಿ ಅಂದು ನೋಟ್ ಪುಸ್ತಕದಲ್ಲಿ ನಾಲ್ಕು ಹೆಸರು ಬರೆದು ನಾಲ್ಕಕ್ಕೂ ಬೇರೆ ಬೇರೆ ಚಿತ್ರ ಬಿಡಿಸಿದಳು: ಮಂಜು, ಇಬ್ಬನಿ, ಹಿಮ, ಮಂಜುಗಡ್ಡೆ.

ಈ ಪ್ರಯೋಗದಲ್ಲಿ ಅಪಾಯವೂ ಇದೆ. ನಾನು ಬೋರ್ಡಿನ ಕಡೆ ತಿರುಗಿದ್ದಾಗ ಹುಡುಗನೊಬ್ಬ ಪಂತ ಕಟ್ಟಿ ಉಪ್ಪು ಬೆರೆತ ಐಸನ್ನು ಅಂಗೈಯಲ್ಲಿ ಹಿಡಿದ. ಚರ್ಮ ಬೆಳ್ಳಗಾಗಿ, ಸಂಜೆಗೆ ಸುಟ್ಟ ಗಾಯದಂತೆ ಕೆಂಪಾಗಿತ್ತು. ಅವನ ತಾಯಿಯ ಮುಂದೆ ನಿಂತು ಕ್ಷಮೆ ಕೇಳಿದೆ. ಅಂದಿನಿಂದ ಮಿಶ್ರಣವನ್ನು ನಾನೇ ಕಲಸುತ್ತೇನೆ, ಮಕ್ಕಳಿಗೆ ಮರದ ಸೌಟು ಮಾತ್ರ. ಪಕ್ಕದಲ್ಲಿ ಇನ್ನೊಬ್ಬ ಶಿಕ್ಷಕರು ಇಲ್ಲದಿದ್ದರೆ ಇದಕ್ಕೆ ಕೈ ಹಾಕುವುದಿಲ್ಲ. ಒಬ್ಬರೇ ಇದ್ದಾಗ, ಸಣ್ಣ ತರಗತಿಗಳಿಗೆ, ಕಂಬಳಿಯೇ ಸರಿ.

ಇಷ್ಟಾದರೂ ಚಳಿಗಾಲ ಏಕೆ ಬರುತ್ತದೆ ಎಂಬುದು ಬಾಕಿ ಉಳಿಯಿತು. ಗ್ಲೋಬ್ ಮತ್ತು ಟಾರ್ಚ್ ಹಿಡಿದು ಮಾಡಿದ ಪಾಠ ನನಗೆ ತೃಪ್ತಿ ಕೊಡಲಿಲ್ಲ. ಟಾರ್ಚಿನ ಸುತ್ತ ಗ್ಲೋಬನ್ನು ಒಯ್ಯುವಾಗ ಅದು ಒಮ್ಮೆ ಹತ್ತಿರ, ಒಮ್ಮೆ ದೂರವಾಗುತ್ತದೆ. ಮಕ್ಕಳು ಅದನ್ನೇ ಹಿಡಿದುಕೊಂಡು, ಸೂರ್ಯ ದೂರ ಹೋದಾಗ ಚಳಿ ಎನ್ನುತ್ತಾರೆ. ನಿಜವಾಗಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ, ಇರುವುದು ಜನವರಿಯ ಮೊದಲ ವಾರದಲ್ಲಿ, ನಾವು ಕಂಬಳಿ ಹೊದೆಯುವ ದಿನಗಳಲ್ಲೇ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದೇ ಋತುಗಳಿಗೆ ಕಾರಣ.

ಅಂಗಳದಲ್ಲಿ ನೆಟ್ಟ ಒಂದು ಮೀಟರ್ ಉದ್ದದ ಕೋಲು ಇದನ್ನು ಗ್ಲೋಬಿಗಿಂತ ಚೆನ್ನಾಗಿ ಹೇಳಿತು. ನಮ್ಮಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ 12ಕ್ಕಲ್ಲ. ಭಾರತೀಯ ಕಾಲಮಾನದ ರೇಖೆಗಿಂತ ನಾವು ಪಶ್ಚಿಮದಲ್ಲಿರುವುದರಿಂದ ಡಿಸೆಂಬರಿನಲ್ಲಿ ಅದು ಸುಮಾರು 12 ಗಂಟೆ 25 ನಿಮಿಷಕ್ಕೆ. ಡಿಸೆಂಬರ್ 21ರ ಆ ಹೊತ್ತಿನಲ್ಲಿ ನೆರಳು ಸುಮಾರು 75 ಸೆಂಟಿಮೀಟರ್. ಮಾರ್ಚ್ 21ಕ್ಕೆ 24ರ ಆಸುಪಾಸು. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನೆರಳು ಪೂರ್ತಿ ಮಾಯ, ಆದರೆ ಆಗ ಶಾಲೆಗೆ ರಜೆ. ಉದ್ದ ನೆರಳೆಂದರೆ ಓರೆ ಬಿಸಿಲು, ಅದೇ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ ಎಂದು ನೆಲದ ಮೇಲಿನ ಸುಣ್ಣದ ಗುರುತುಗಳನ್ನು ನೋಡಿಯೇ ಏಳನೇ ತರಗತಿಯವರು ಹೇಳಿದರು. ಕೋಲಿನ ಕೊರತೆ ಎಂದರೆ ತಾಳ್ಮೆ. ಗ್ಲೋಬಿಗೆ ಒಂದು ಪೀರಿಯಡ್ ಸಾಕು, ಇದಕ್ಕೆ ನಾಲ್ಕು ತಿಂಗಳು ಬೇಕು.

ಕೋಲಿನ ಜೊತೆಗೆ ಬೆಳಗಿನ ಉಷ್ಣತೆಯನ್ನೂ ಬರೆಸಿದೆ. ಶಿವರಾತ್ರಿಗೆ ಚಳಿ "ಶಿವ ಶಿವಾ" ಎಂದು ಹೊರಟುಹೋಗುತ್ತದೆ ಎಂಬ ಅಜ್ಜಿಯರ ಮಾತನ್ನು ಪರೀಕ್ಷಿಸೋಣ ಎಂದಾಗ ಎಲ್ಲರಿಗೂ ಹುರುಪು ಬಂತು. ಭಾನುವಾರ ಬರೆಯುವವರಿಲ್ಲದೆ ಪಟ್ಟಿಯ ತುಂಬ ತೂತುಗಳಾದವು. ಆದರೂ ಒಂದು ಸಂಗತಿ ಎದ್ದು ಕಂಡಿತು. ಮೋಡವಿದ್ದ ರಾತ್ರಿಯ ಮರುದಿನ ಅಂಕಿ ಮೇಲಿರುತ್ತಿತ್ತು, ಆಕಾಶ ತಿಳಿಯಾಗಿದ್ದರೆ ಕೆಳಗಿಳಿದು ಹುಲ್ಲು ಒದ್ದೆಯಾಗಿರುತ್ತಿತ್ತು. ಮೋಡವೂ ಕಂಬಳಿಯೇ ಎಂದು ಅವರೇ ಕಂಡುಕೊಂಡರು.

ಕಳೆದ ಜನವರಿಯಲ್ಲಿ ಆ ಹುಡುಗಿ ಥರ್ಮಾಮೀಟರನ್ನು ಎರಡು ದಿನದ ಮಟ್ಟಿಗೆ ಮನೆಗೆ ಕೇಳಿ ಒಯ್ದಳು. ಅದು ಕಾಫಿ ಕುಯ್ಲಿನ ಕಾಲ. ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಸಂಜೆಯಾದರೆ ರಾಶಿ ಮಾಡಿ, ಇಬ್ಬನಿ ಬೀಳದಂತೆ ಟಾರ್ಪಾಲು ಹೊದಿಸುತ್ತಾರೆ. ಮರಳಿ ತಂದುಕೊಟ್ಟಾಗ ಜೊತೆಯಲ್ಲಿದ್ದ ಚೀಟಿಯಲ್ಲಿ ಹೀಗೆ ಬರೆದಿತ್ತು: "ಬೆಳಿಗ್ಗೆ 6 ಗಂಟೆ. ಟಾರ್ಪಾಲಿನ ಮೇಲೆ 13, ಅಡಿಯಲ್ಲಿ 17. ಮೇಲೆ ಇಬ್ಬನಿ ಇತ್ತು, ಅಡಿಯಲ್ಲಿ ಇರಲಿಲ್ಲ. ಅಪ್ಪ ಯಾಕೆ ಎಂದು ಕೇಳಿದರು, ಹೇಳಿದೆ."