ವಚನನಾ, ತ್ರಿಪದಿನಾ, ಷಟ್ಪದಿನಾ? ಹಳೆ ಕನ್ನಡ ಕಾವ್ಯ ಎಲ್ಲಿಂದ ಶುರು ಮಾಡೋದು

ಸುಲಭ ಅಂತ ಎಲ್ರೂ ವಚನ ಕೈಗೆ ಕೊಡ್ತಾರೆ. ಸರಿನೇ, 12ನೇ ಶತಮಾನದ್ದಾದ್ರೂ ಭಾಷೆ ಈಗ್ಲೂ ಅರ್ಥ ಆಗುತ್ತೆ, ಛಂದಸ್ಸಿನ ತಲೆನೋವಿಲ್ಲ, ಕೊನೇಲಿ ಕೂಡಲಸಂಗಮದೇವ ಅಂತಿದ್ರೆ ಬಸವಣ್ಣ, ಗುಹೇಶ್ವರ ಅಂದ್ರೆ ಅಲ್ಲಮ. ಆದ್ರೆ ಅಲ್ಲಮನ ಬೆಡಗಿನ ವಚನ, ಅಂದ್ರೆ ಒಗಟಿನ ಥರದ್ದು, ಮೊದಲೇ ಹಿಡಿದ್ರೆ ಒಂದು ಸಾಲಿಗೆ ಅರ್ಧ ದಿನ ಕೂರ್ಬೇಕು, ಬಸವಣ್ಣ ಇಲ್ಲಾ ಅಕ್ಕನಿಂದ ಶುರು ಮಾಡಿ.

ತ್ರಿಪದಿ ಇನ್ನೂ ಹಳೇದು, ಬಾದಾಮಿ ಕೆರೆ ಪಕ್ಕದ ಬಂಡೆ ಮೇಲಿರೋ ಕಪ್ಪೆ ಅರಭಟ್ಟನ ಶಾಸನದಲ್ಲೇ ಇದೆ, ಅದು ಕ್ರಿ.ಶ. 700ರ ಹೊತ್ತಿಂದು. ಮೂರೇ ಸಾಲು. ಬೀಸೋ ಕಲ್ಲಿನ ಮುಂದೆ ಹೆಂಗಸರು ಹಾಡಿದ್ದೂ ಇದನ್ನೇ, ಸರ್ವಜ್ಞ ಬಳಸಿದ್ದೂ ಇದನ್ನೇ. ಟೈಮ್ ಕಮ್ಮಿ ಇದ್ರೆ, ಬಾಯಿಪಾಠ ಮಾಡ್ಬೇಕು ಅಂತಿದ್ರೆ ನನ್ನ ಓಟು ಇದಕ್ಕೇ.

ಷಟ್ಪದಿ ಅಂದ್ರೆ ಆರು ಸಾಲಿನ ಪದ್ಯ, ಬೇರೆ ಲೆವೆಲ್ಲು. ಆರು ಬಗೆ ಇದಾವೆ, ನೀವು ಭಾಮಿನಿ ತಗೊಳ್ಳಿ, ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವ ಹೇಳಿರೋದು ಅದರಲ್ಲೇ. ಮಾತ್ರೆ ಅಂದ್ರೆ ಅಕ್ಷರ ಹೇಳೋಕೆ ಹಿಡಿಯೋ ಕಾಲದ ಅಳತೆ, ಗಿಡ್ಡಕ್ಷರಕ್ಕೆ ಒಂದು, ಉದ್ದಕ್ಕೆ ಎರಡು. 3 ಮಾತ್ರೆ, 4 ಮಾತ್ರೆ, ಮತ್ತೆ 3, 4, ಹಿಂಗೇ ಹೋಗುತ್ತೆ, ಒಂದು ಸಾಲಿಗೆ 14, ಮೂರನೇದು ಆರನೇದು ಮಾತ್ರ ಉದ್ದ, 23 ಮಾತ್ರೆ, ಕಥೆ ಓಡೋಕೆ ಜಾಗ ಅಲ್ಲೇ ಸಿಗೋದು. ನಡುಗನ್ನಡ ಆದ್ದರಿಂದ ಪದಕೋಶ ಬೇಕೇ ಬೇಕು, ಕಥೆ ಪ್ರಿಯರಿಗೆ ಮಾತ್ರ ಇದಕ್ಕಿಂತ ಮಜಾ ಬೇರೆ ಇಲ್ಲ. ಕಣ್ಣಲ್ಲಿ ಓದ್ಬೇಡಿ, ಮೊದ್ಲು ಯಾರಾದ್ರೂ ಗಮಕಿಗಳು, ಅಂದ್ರೆ ಕಾವ್ಯನ ರಾಗವಾಗಿ ಓದೋರು, ವಾಚನ ಮಾಡಿರೋದು ಕೇಳಿ, ಆಮೇಲೆ ಪುಸ್ತಕ ತೆಗೀರಿ.